ಧೂಳೋ, ಮಚ್ಚೆಯೋ?

ಹೊಸ ಲ್ಯಾಪ್‌ಟಾಪ್ ಕೊಂಡರೆ ಅರವತ್ತೆರಡು ಸಾವಿರ. ಹಳೆಯದನ್ನೇ ಇಟ್ಟುಕೊಂಡು ಪಕ್ಕಕ್ಕೊಂದು ದೊಡ್ಡ ಮಾನಿಟರ್ ಜೋಡಿಸುವುದಾದರೆ, ಅಂಗಡಿಯವರು ಹೊಗಳುವ ಅತಿ ಸೂಕ್ಷ್ಮ ಪರದೆಯ ಫೋರ್‌ಕೆಗೆ ಇಪ್ಪತ್ತಾರೂವರೆ ಸಾವಿರ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದಕ್ಕೆ ಹದಿನೇಳು ಸಾವಿರದ ಎಂಟುನೂರು. ತಂತಿಗೆ ಆರುನೂರು ಬೇರೆ. ಏನೂ ಕೊಳ್ಳದೆ ಸುಮ್ಮನಿದ್ದರೆ ಖರ್ಚೇ ಇಲ್ಲ. ಆದರೆ ಸುಮ್ಮನಿದ್ದದ್ದಕ್ಕೂ ಈಗಾಗಲೇ ಒಂದು ಬೆಲೆ ಬಿದ್ದಿದೆ: ಗಿರಾಕಿ ಬೇಡವೆಂದು ಬಿಟ್ಟುಹೋದ ನಾನೂರೈವತ್ತು ರೂಪಾಯಿಯ ಒಂದು ಫ್ರೇಮು, ಗೋಡೆಗೆ ಮುಖ ಮಾಡಿಕೊಂಡು ಮೂಲೆಯಲ್ಲಿ ನಿಂತಿದೆ.

ಬೆಳಗಿನ ಐದೂವರೆ ಗಂಟೆ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ಮರಿಸ್ವಾಮಿಯವರ ಫ್ರೇಮ್ ಅಂಗಡಿಯ ಹಿಂಬದಿಗಿರುವ ಎಂಟಡಿ-ಹತ್ತಡಿ ಕೋಣೆಯಲ್ಲಿ ಕೂತು ಶೈಲಜಾ ಈ ಲೆಕ್ಕವನ್ನು ಬೆರಳ ಗೆಣ್ಣುಗಳ ಮೇಲೆ ಮತ್ತೊಮ್ಮೆ ಎಣಿಸುತ್ತಾರೆ. ಆಮೇಲೆ ಹತ್ತಿಬಟ್ಟೆಯಿಂದ ಲ್ಯಾಪ್‌ಟಾಪಿನ ಪರದೆ ಒರೆಸುತ್ತಾರೆ. ಸ್ಕ್ಯಾನರಿನ ಗಾಜು ಒರೆಸುತ್ತಾರೆ. ಕೊನೆಗೆ ತಮ್ಮ ಕನ್ನಡಕ ಒರೆಸಿ, ದೀಪಕ್ಕೆ ಹಿಡಿದು ಅನುಮಾನದಿಂದ ನೋಡಿ, ಇನ್ನೊಮ್ಮೆ ಒರೆಸುತ್ತಾರೆ. ಅದಿರು ಲಾರಿಗಳ ಓಡಾಟ ಶುರುವಾಗುವ ಮುಂಚಿನ ಈ ಎರಡು ಗಂಟೆ ಅವರಿಗೆ ಮುಖ್ಯ. ರಸ್ತೆಯ ಧೂಳು ಆಗ ಇನ್ನೂ ರಸ್ತೆಯಲ್ಲೇ ಇರುತ್ತದೆ.

ಅವರದು ತೀರಿಹೋದವರ ಮುಖ ಸರಿಮಾಡುವ ಕೆಲಸ. ಮನೆಯಲ್ಲಿ ಯಾರಾದರೂ ಹೋದಾಗ ಗೋಡೆಗೆ ಹಾಕಲು ಒಂದು ಫೋಟೊ ಬೇಕಾಗುತ್ತದೆ. ಇದ್ದಾಗ ಯಾರೂ ನೆಟ್ಟಗೊಂದು ಫೋಟೊ ತೆಗೆಸಿರುವುದಿಲ್ಲ. ಆಗ ಹುಡುಕಾಟ ಶುರು. ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಯಾರದೋ ಮದುವೆಯ ಆಲ್ಬಮ್ಮಿನ ಹಿಂದಿನ ಸಾಲಿನಲ್ಲಿ ಅರ್ಧ ಮರೆಯಾದ ಮುಖ, ಇಂಥದ್ದೇನೋ ಒಂದು ಸಿಗುತ್ತದೆ. ಅದನ್ನು ಸ್ಕ್ಯಾನ್ ಮಾಡಿ, ಬಿರುಕು ಮುಚ್ಚಿ, ಕಲೆ ಅಳಿಸಿ, ಹುಣಿಸೆಬೀಜದಷ್ಟಿದ್ದ ಮುಖವನ್ನು ಒಂದು ಮೊಳದ ಫ್ರೇಮಿಗೆ ಏರಿಸಿ ಕೊಡುವವರು ಶೈಲಜಾ. ದಿನಕ್ಕೆ ನಾಲ್ಕು, ಹೆಚ್ಚೆಂದರೆ ಐದು ಮುಖ. ಒಂದಕ್ಕೆ ನೂರೈವತ್ತು ಅವರಿಗೆ, ಫ್ರೇಮಿನ ಮುನ್ನೂರು ಮರಿಸ್ವಾಮಿಗೆ. ಸಂಡೂರಿನಿಂದ ಕಂಪ್ಲಿಯವರೆಗೆ ಎಷ್ಟು ಮನೆಗಳ ಗೋಡೆಯ ಮೇಲೆ ಅವರ ಕೈಕೆಲಸ ಹಾರ ಹಾಕಿಸಿಕೊಂಡು ನಿಂತಿದೆಯೋ ಹೇಳಲಾಗದು. ಆ ಮನೆಗಳಲ್ಲಿ ಶೈಲಜಾ ಎಂಬ ಹೆಸರು ಯಾರಿಗೂ ಗೊತ್ತಿಲ್ಲ. ಫ್ರೇಮಿನ ಹಿಂದೆ ಅಂಟಿಸಿದ ಚೀಟಿಯಲ್ಲಿ ಇರುವುದು ಅಂಗಡಿಯ ಹೆಸರು ಮಾತ್ರ.

ಮುಖದ ಕೆಲಸದಲ್ಲಿ ನಂಬಿಕೆ ನಡೆಯದು ಎಂಬುದು ಅವರ ಅನುಭವ. "ಯಾರು ಏನು ತಂದು ಕೊಟ್ರೂ ಮೊದ್ಲು ನಾನು ನಂಬಂಗಿಲ್ರಿ," ಎನ್ನುತ್ತಾರೆ. "ಒಮ್ಮೆ ಒಬ್ರು ಬ್ಯಾರೆಯವರ ಅಜ್ಜನ ಫೋಟೊ ತಂದು, ನಮ್ಮ ಅಜ್ಜ ಅಂತ ಮಾಡಿಸ್ಕೊಂಡು ಹೋದ್ರು. ಆಮ್ಯಾಲ ಆ ಅಜ್ಜನ ಮನಿಯವ್ರೇ ಬಂದ್ರು. ಅಜ್ಜ ಇನ್ನೂ ಅದಾನ, ಇಡ್ಲಿ ತಿನ್ನಾಕತ್ಯಾನ ಅಂದ್ರು!"

ಈ ಅನುಮಾನ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತೇಳು ವರ್ಷದ ಹಿಂದೆ, ಎಸ್ಸೆಸ್ಸೆಲ್ಸಿ ಮುಗಿಸಿದ್ದ ಹತ್ತೊಂಬತ್ತರ ಹುಡುಗಿ, ದೊಡ್ಡಬಸಪ್ಪನವರ ಸ್ಟುಡಿಯೊದಲ್ಲಿ ಫೋಟೊಗಳನ್ನು ಕವರಿಗೆ ಹಾಕಿಕೊಡುವ ಕೆಲಸಕ್ಕೆ ಸೇರಿದ್ದರು. ಆರು ತಿಂಗಳಿಗೆ ದೊಡ್ಡಬಸಪ್ಪ ಅವರ ಕೈಗೆ ಕೂದಲೆಳೆಯಂಥ ಕುಂಚ ಕೊಟ್ಟರು, ಜೊತೆಗೆ ಒಂದು ಪುಟ್ಟ ಭೂತಗನ್ನಡಿ. ನೆಗೆಟಿವ್ ಮೇಲೆ ಕೂತ ಧೂಳು ಕಾಗದದ ಮೇಲೆ ಬಿಳಿ ಚುಕ್ಕೆಯಾಗಿ ಮೂಡುತ್ತಿತ್ತು. ಆ ಬಿಳಿಯನ್ನು ಮಸಿಯಿಂದ ಮುಚ್ಚುವುದೇ ಕೆಲಸ. ಪಾಠ ಒಂದೇ ಸಾಲು: "ಬಿಳಿ ಇದ್ರ ಧೂಳು, ಕರಿ ಇದ್ರ ಮನುಷ್ಯ. ಬಿಳೀದು ಮುಚ್ಚು, ಕರೀದಕ್ಕ ಕೈ ಹಚ್ಚಬ್ಯಾಡ." ದೊಡ್ಡಬಸಪ್ಪ ಇರುವತನಕ ಆ ಸಾಲು ಎಂದೂ ಸುಳ್ಳಾಗಲಿಲ್ಲ.

ಕಾಲ ಬದಲಾಯಿತು. ನೆಗೆಟಿವ್ ಹೋಗಿ ಸ್ಕ್ಯಾನರ್ ಬಂತು. ಈಗ ಬರುವುದು ಗೋಡೆಯ ಮೇಲೆ ಇಪ್ಪತ್ತು ವರ್ಷ ತೂಗಿದ ಫೋಟೊ. ಅದರ ಮೇಲೆ ನೊಣ ಕೂತಿರುತ್ತದೆ, ಅಡುಗೆಯ ಹೊಗೆ ಹಿಡಿದಿರುತ್ತದೆ, ಸಂಡೂರು ಕಡೆಯದಾದರೆ ಅದಿರಿನ ಕೆಂಪು ಧೂಳು ಕಾಗದಕ್ಕೇ ಇಳಿದಿರುತ್ತದೆ. ಸ್ಕ್ಯಾನಿನಲ್ಲಿ ಇವೆಲ್ಲವೂ ಕಪ್ಪಾಗಿಯೇ ಕಾಣುತ್ತವೆ. ಕರಿ ಇದ್ದದ್ದೆಲ್ಲ ಮನುಷ್ಯ ಎಂದು ಬಿಟ್ಟರೆ ಮುಖ ತುಂಬ ನೊಣದ ಹಿಕ್ಕೆಯೇ ಉಳಿಯುತ್ತದೆ. ಹಾಗಾಗಿ ಶೈಲಜಾ ಗುರುವಿನ ಸಾಲನ್ನು ತಿರುಗಿಸಿ ಹಾಕಿದರು: ಕರಿ ಕಂಡರೆ ಅಳಿಸು. ಹಾಗೆ ಮಾಡಿದ್ದೇ ತಪ್ಪಾಯಿತು.

ತಪ್ಪು ಬಯಲಾದದ್ದು ಎಮ್ಮಿಗನೂರಿನ ಸಂಗಮ್ಮನಿಂದ. ಸಂಗಮ್ಮನ ಗಂಡ ಗಾದಿಲಿಂಗಪ್ಪ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಮನೆಯಲ್ಲಿ ಮೊಬೈಲ್ ಇತ್ತು. ಆದರೆ ಕ್ಯಾಮೆರಾ ಎತ್ತಿದರೆ ಟವೆಲ್ಲಿನಿಂದ ಮುಖ ಒರೆಸುವ ನೆಪದಲ್ಲಿ ಆ ಕಡೆ ತಿರುಗುವ ಮನುಷ್ಯ. ಉಳಿದದ್ದು ಎರಡೇ. ಒಂದು, ಗಿರಣಿಯ ಆಯುಧಪೂಜೆಯಲ್ಲಿ ಇಪ್ಪತ್ತೆರಡು ಜನ ನಿಂತ ಗ್ರೂಪ್ ಫೋಟೊ. ಗಿರಣಿ ಆಫೀಸಿನ ಗೋಡೆಯ ಮೇಲೆ ಇಪ್ಪತ್ತು ವರ್ಷ ನೊಣಗಳ ಜೊತೆ ಇದ್ದದ್ದು. ಇನ್ನೊಂದು ಪಾಸ್‌ಬುಕ್ಕಿನ ಫೋಟೊ. ಅದರ ಬಾಯಿಯಿಂದ ಗದ್ದದವರೆಗೆ ಬ್ಯಾಂಕಿನವರು ನೇರಳೆ ಮುದ್ರೆ ಒತ್ತಿದ್ದರು. ಶೈಲಜಾ ಗ್ರೂಪ್ ಫೋಟೊದಿಂದ ಮುಖ ಎತ್ತಿ, ಅದರ ಮೇಲಿದ್ದ ಒಂಬತ್ತು ಕಪ್ಪು ಚುಕ್ಕೆ ಅಳಿಸಿ, ನೀಟಾಗಿ ಫ್ರೇಮಿಗೆ ಕಳಿಸಿದ್ದರು.

ಸಂಗಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಬೆಳಕಿಗೆ ತಿರುಗಿಸಿ ನೋಡಿದರು.

"ಯಾರ್ರಿ ಇವ್ರು?"

"ನಿಮ್ಮ ಯಜಮಾನ್ರೇ ರೀ," ಎಂದರು ಮರಿಸ್ವಾಮಿ.

"ಅಲ್ರಿ."

"ಗಾದಿಲಿಂಗಪ್ಪ ಅಂತ ನೀವೇ ಬರಸೀರಿ, ನೋಡ್ರಿಲ್ಲೆ."

"ಹೆಸರು ಅವರ್ದೇ. ಮಾರಿ ಅವರ್ದಲ್ಲ. ಅವರಿಗೊಬ್ಬ ತಮ್ಮ ಇದ್ದಿದ್ರ ಹಿಂಗ ಇರ್ತಿದ್ದ."

ಗಾದಿಲಿಂಗಪ್ಪನಿಗೆ ತಮ್ಮನೇ ಇರಲಿಲ್ಲ. ಮರಿಸ್ವಾಮಿ ನಗಲು ಬಾಯಿ ತೆರೆದವರು ಸಂಗಮ್ಮನ ಮುಖ ನೋಡಿ ಮುಚ್ಚಿಕೊಂಡರು. ಏನು ತಪ್ಪಾಗಿದೆ ಎಂದು ಶೈಲಜಾ ಒಳಗಿಂದ ಬಂದು ಕೇಳಿದರೆ, ಹೇಳಲು ಸಂಗಮ್ಮನಿಗೂ ಬರಲಿಲ್ಲ. ಕಣ್ಣು ಅವರದೇ, ಮೂಗು ಅವರದೇ. ಆದರೂ ಅವರಲ್ಲ. "ಮಗಳು ಮೊಬೈಲ್‌ನಾಗ ಯಾವ್ದೋ ಆ್ಯಪ್ ಹಚ್ಚಿ ಮಾಡಿಸಿದ್ಲು. ಬಿಳಿ ಹಲ್ಲು ಕಿಸ್ಕೊಂಡು ಸಿನಿಮಾದವ್ರಂಗ ಬಂತು. ನೀವು ಕೈಯಾಗ ಮಾಡ್ತೀರಿ, ನೀವು ಹಂಗ ಮಾಡಂಗಿಲ್ಲ ಅಂತ ಬಂದೆ. ನೀವೂ ಹಂಗ ಮಾಡಿದ್ರಿ," ಎಂದು ಫ್ರೇಮನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಎದ್ದರು. ವರ್ಷದ ಕಾರ್ಯಕ್ಕೆ ಇನ್ನು ಮೂರು ವಾರ. ಅಷ್ಟರೊಳಗೆ ಆದರೆ ಸರಿ, ಇಲ್ಲದಿದ್ದರೆ ಫೋಟೊ ಇಡದೆಯೇ ಮಾಡುತ್ತೇವೆ ಎಂದು ಹೇಳಿ ಕಂಪ್ಲಿ ಬಸ್ಸಿಗೆ ಹೋದರು.

ಬೈದು ಹೋಗಿದ್ದರೆ ಶೈಲಜಾ ಮರೆಯುತ್ತಿದ್ದರೇನೋ. ಆ ಹೆಂಗಸು ಬೈಯಲಿಲ್ಲ. ಅಂದಿನಿಂದ ಅವರಿಗೆ ತಾವು ಅಳಿಸಿದ ಒಂಬತ್ತು ಚುಕ್ಕೆಗಳ ಮೇಲೆಯೇ ಗುಮಾನಿ. ಒಂಬತ್ತರಲ್ಲಿ ಯಾವುದೋ ಒಂದು ನೊಣದ್ದಲ್ಲ, ಗಾದಿಲಿಂಗಪ್ಪನದು.

ಅದನ್ನು ಕಂಡುಹಿಡಿಯಲು ಅವರಿಗೆ ಹೊಳೆದ ದಾರಿ ಸರಳ. ಎರಡು ಫೋಟೊಗಳನ್ನು ಅಕ್ಕಪಕ್ಕ ಇಡಬೇಕು. ಎರಡರಲ್ಲೂ ಒಂದೇ ಜಾಗದಲ್ಲಿ ಇರುವ ಚುಕ್ಕೆ ಮನುಷ್ಯನದು. ಒಂದರಲ್ಲಿ ಮಾತ್ರ ಇದ್ದರೆ ಧೂಳಿನದು. ನೊಣ ಎರಡು ಊರಿನಲ್ಲಿ ಅಳತೆ ಮಾಡಿ ಒಂದೇ ಕಡೆ ಕೂರುವುದಿಲ್ಲವಲ್ಲ. ಆದರೆ ದಾರಿಗೆ ಅಡ್ಡ ನಿಂತದ್ದು ಅವರ ಲ್ಯಾಪ್‌ಟಾಪು. ಹದಿನಾಲ್ಕು ಇಂಚಿನ ಪರದೆ, ಅಡ್ಡಕ್ಕೆ ಸಾವಿರದ ಮುನ್ನೂರರವತ್ತಾರು ಬೆಳಕಿನ ಚುಕ್ಕೆ, ಅಂದರೆ ಪಿಕ್ಸೆಲ್. ಎರಡು ಮುಖ ಅಕ್ಕಪಕ್ಕ ಇಟ್ಟರೆ ಒಂದೊಂದೂ ಬೆಂಕಿಪೊಟ್ಟಣದಷ್ಟಾಗಿ ಕಲೆಯೇ ಕಾಣದು. ದೊಡ್ಡದು ಮಾಡಿದರೆ ಪರದೆ ತುಂಬ ಬರೀ ಒಂದು ಕೆನ್ನೆ.

"ಹತ್ರ ಹೋದ್ರ ಮಾರಿ ಕಾಣಂಗಿಲ್ಲ, ದೂರ ಬಂದ್ರ ಕಲಿ ಕಾಣಂಗಿಲ್ಲ," ಎಂದು ಅವರು ವಿವರಿಸುತ್ತಾರೆ. "ಬರೀ ಚುಕ್ಕಿ ನೋಡಿದ್ರ ಅದು ನೊಣಾನೂ ಅನ್ನಿಸ್ತೈತಿ, ಮಚ್ಚೀನೂ ಅನ್ನಿಸ್ತೈತಿ. ಇಡೀ ಮಾರಿ ಜೊತಿಗೆ ಚುಕ್ಕಿ ಕಾಣಬೇಕ್ರಿ. ಆವಾಗ ಗೊತ್ತಾಗ್ತೈತಿ ಅದು ಆ ಮನಿಯಾಗ ಇರೋದೋ, ಬಾಡಿಗಿಗೆ ಬಂದಿರೋದೋ ಅಂತ."

ಹೀಗೆ, ಅಡುಗೆಮನೆಗೆ ಹೊಸ ತಗಡು ಹೊದಿಸಲೆಂದು ಎರಡು ವರ್ಷ ಕೂಡಿಟ್ಟಿದ್ದ ದುಡ್ಡನ್ನು ಅವರು ಪೆಟ್ಟಿಗೆಯಿಂದ ತೆಗೆಯುತ್ತಾರೆ.

ಶೈಲಜಾ ಅಂಗಡಿಗೆ ಹೋಗುವ ರೀತಿಯೇ ಬೇರೆ. ಕೈಚೀಲದಲ್ಲಿ ಲ್ಯಾಪ್‌ಟಾಪು, ದೊಡ್ಡಬಸಪ್ಪನವರ ಭೂತಗನ್ನಡಿ, ಒಂದು ಪೆನ್‌ಡ್ರೈವು. ಪೆನ್‌ಡ್ರೈವಿನಲ್ಲಿ ತಾವೇ ಮಾಡಿಕೊಂಡ ಒಂದು ಚಿತ್ರ: ಒಂದು ಚುಕ್ಕೆ ಕರಿ, ಒಂದು ಚುಕ್ಕೆ ಬಿಳಿ, ಚದುರಂಗದ ಮಣೆಯ ಹಾಗೆ ಪರದೆಯ ತುಂಬ. ಪರದೆ ನಿಜವಾಗಿ ಹೇಳಿದಷ್ಟು ಚುಕ್ಕೆ ಹೊಂದಿದ್ದರೆ ಭೂತಗನ್ನಡಿಯ ಕೆಳಗೆ ಕರಿ ಬಿಳಿ ಬೇರೆಬೇರೆ ಕಾಣುತ್ತವೆ. ಇಲ್ಲದಿದ್ದರೆ ಎರಡೂ ಕಲಸಿಕೊಂಡು ಅಂಬಲಿಯಂತೆ ಬೂದು ಬಣ್ಣ. ಪೆಟ್ಟಿಗೆಯ ಮೇಲಿನ ಬರಹ ಓದಿ ಸಾಮಾನು ಕೊಳ್ಳುವ ಜಾಯಮಾನ ಅವರದಲ್ಲ.

ಕಂಪ್ಯೂಟರ್ ಅಂಗಡಿಯ ಅಕ್ಷೋಭ್ಯನಿಗೆ ಮೂವತ್ತರ ಒಳಗಿನ ವಯಸ್ಸು, ಮಾತು ಚುರುಕು. "ನಿಮಗ ಫೋರ್‌ಕೆನೇ ಬೇಕಂದ್ರ ಇಲ್ಲೊಂದು ಅದರೀ ಅಕ್ಕಾರ. ಹನ್ನೊಂದೂವರಿ ಸಾವಿರ. ಮಸ್ತ್ ಪೀಸು," ಎಂದು ಒಂದು ಪೆಟ್ಟಿಗೆ ಇಳಿಸುತ್ತಾನೆ. ಫೋರ್‌ಕೆ ಎಂದರೆ ಅಡ್ಡಕ್ಕೆ ನಾಲ್ಕು ಸಾವಿರದ ಹತ್ತಿರ ಚುಕ್ಕೆ. ಪೆಟ್ಟಿಗೆಯ ಮೇಲೆ ಆ ಹೆಸರು ಅಂಗೈಯಷ್ಟು ದೊಡ್ಡದು; ಅದರ ಪಕ್ಕದ 'ಸಪೋರ್ಟೆಡ್' ಎಂಬುದು ಇರುವೆಯಷ್ಟು. ಹಚ್ಚಿದಾಗ ಬಣ್ಣಬಣ್ಣದ ಹಕ್ಕಿಯ ಚಿತ್ರ ಬರುತ್ತದೆ. ಶೈಲಜಾ ಹಕ್ಕಿಯನ್ನು ನೋಡುವುದಿಲ್ಲ. ಅಕ್ಷೋಭ್ಯನ ಕಂಪ್ಯೂಟರಿನಿಂದಲೇ ತಮ್ಮ ಚದುರಂಗದ ಮಣೆ ತೆರೆಸಿ, ಭೂತಗನ್ನಡಿ ಹಚ್ಚಿ ಬಗ್ಗುತ್ತಾರೆ.

"ಏನ್ ನೋಡ್ತೀರಿ ಅಕ್ಕಾರ? ಹೇನು ಹುಡುಕಿದಂಗ?"

"ಅಂಬಲಿ ಐತಪ ಇದು. ಬಾ, ನೀನೂ ನೋಡು."

ಅಕ್ಷೋಭ್ಯ ನೋಡುತ್ತಾನೆ. ಪೆಟ್ಟಿಗೆಯ ಅಡಿಯ ಸಣ್ಣ ಅಕ್ಷರ ಓದುತ್ತಾನೆ. ಫೋರ್‌ಕೆ ಚಿತ್ರ ಕೊಟ್ಟರೆ ಒಳಗೆ ಸೇರಿಸಿಕೊಳ್ಳುತ್ತದೆ, ಆದರೆ ತೋರಿಸುವುದು ಅದರ ಕಾಲು ಭಾಗ ಮಾತ್ರ. ಅವನ ಮುಖ ಸಣ್ಣದಾಗುತ್ತದೆ. "ನಾನೂ ಈ ಬಾಕ್ಸ್ ನಂಬಿ ನಾಕು ಪೀಸ್ ಮಾರೇನ್ರಿ," ಎನ್ನುತ್ತಾನೆ. ಮೋಸ ಮಾಡುವವನಲ್ಲ, ಮೋಸಹೋಗಿ ಅದನ್ನೇ ದಾಟಿಸುತ್ತಿದ್ದವನು ಎಂದು ಶೈಲಜಾಗೆ ಅನ್ನಿಸುತ್ತದೆ. ಹಾಗೆಂದು ಪೂರ್ತಿ ನಂಬುವುದೂ ಇಲ್ಲ.

ಮುಂದಿನದು ಇಪ್ಪತ್ತಾರೂವರೆ ಸಾವಿರದ ನಿಜವಾದ ಫೋರ್‌ಕೆ. ಈ ಬಾರಿ ತಮ್ಮ ಲ್ಯಾಪ್‌ಟಾಪನ್ನೇ ಹಚ್ಚಿಸುತ್ತಾರೆ, ಟಿವಿಗೆ ಹಾಕುವಂಥ ಅಗಲದ ತಂತಿಯಲ್ಲಿ. ಚಿತ್ರ ಬರುತ್ತದೆ, ಆದರೆ ಮತ್ತೆ ಅಂಬಲಿ. ಈಗ ತಪ್ಪು ಮಾನಿಟರಿನದಲ್ಲ. "ನಿಮ್ಮ ಲ್ಯಾಪ್‌ಟಾಪ್ ಹನ್ನೆರಡು ವರ್ಷದ ಮ್ಯಾಲಿಂದದ. ಈ ಹಾದಿಯಿಂದ ಅದರ ಕೈಲಿ ಇಷ್ಟೇ ಕಳಿಸ್ಲಿಕ್ಕಾಗ್ತದ," ಎಂದು ಅಕ್ಷೋಭ್ಯ ಹೇಳುತ್ತಾನೆ. "ಹೊಸಾದು ತೊಗೊಂಡುಬಿಡ್ರಿ. ಅರವತ್ತೆರಡು ಸಾವಿರ. ಕಂತಿನ ಮ್ಯಾಲೂ ಕೊಡ್ತೀವಿ."

ಕಂತು ಎಂದ ಕೂಡಲೇ ಶೈಲಜಾ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕುತ್ತಾರೆ.

ಫ್ರೇಮ್ ಅಂಗಡಿಗೆ ವಾಪಸ್ಸಾದಾಗ ಮರಿಸ್ವಾಮಿ ಕೆಣಕುತ್ತಾರೆ. "ಏನಕ್ಕ, ಹುಡುಗಿ ನೋಡಾಕ ಹೋಗಿ ಉಪ್ಪಿಟ್ಟು ತಿಂದು ಬಂದಂಗ ಆತಲ್ಲ. ಯಾವ್ದೂ ಒಪ್ಪಿಗಿ ಇಲ್ಲೇನು?"

"ಸುಮ್ನಿರೋ ಮಾರಾಯ. ಹುಡುಗಿ ಚಲೋನೇ ಐತಿ. ನಮ್ಮ ಗಂಡಿಗೇ ಶಕ್ತಿ ಇಲ್ಲಂತ."

ಗಂಡು, ಅಂದರೆ ಆ ಲ್ಯಾಪ್‌ಟಾಪು, ತನ್ನ ಯೌವನವನ್ನೆಲ್ಲ ಸಂಡೂರಿನ ಒಂದು ಗಣಿಯ ತೂಕದ ಮನೆಯಲ್ಲಿ ಕಳೆದದ್ದು. ಲಾರಿ ಮೇಲೆ ಲಾರಿ ಬಂದು ಧೂಳೆಬ್ಬಿಸಿ ಹೋಗುತ್ತಿದ್ದ ಜಾಗ. ಗಣಿ ನಿಂತಾಗ ಆಫೀಸಿನ ಸಾಮಾನು ಹರಾಜಾಯಿತು. ಆರು ವರ್ಷದ ಹಿಂದೆ ಶೈಲಜಾ ಇದನ್ನು ಒಂಬತ್ತು ಸಾವಿರಕ್ಕೆ ತಂದರು. ಎಷ್ಟು ಒರೆಸಿದರೂ ಕೀಲಿಮಣೆಯ ಸಂದಿಯಲ್ಲಿ ಇನ್ನೂ ಕೆಂಪು ಉಳಿದಿದೆ.

ಮರುದಿನ ಬೆಳಗಿನ ಐದೂವರೆಗೆ ಅವರು ಕೆಲಸ ಮುಟ್ಟುವುದಿಲ್ಲ. ಲ್ಯಾಪ್‌ಟಾಪನ್ನು ಮಗುಚಿ, ಅಡ್ಡ ಹಿಡಿದು, ಭೂತಗನ್ನಡಿಯಲ್ಲಿ ಅಂಚು ಅಂಚನ್ನೂ ನೋಡುತ್ತಾರೆ. 'ಈ ಹಾದಿಯಿಂದ' ಎಂದು ಹುಡುಗ ಅಂದಿದ್ದ. ಹಾಗಾದರೆ ಬೇರೆ ಹಾದಿ ಇದೆಯೇ? ಎಡಗಡೆ, ಗಾಳಿ ಬರುವ ಜಾಲರಿಯ ಪಕ್ಕ, ಒಂದು ಸಣ್ಣ ಗುಳಿ. ಆರು ವರ್ಷದಿಂದ ಅದನ್ನು ಯಾವುದೋ ತಿರುಪು ಬಿದ್ದುಹೋದ ತೂತೆಂದೇ ತಿಳಿದಿದ್ದರು. ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದರೆ ಕೆಂಪು ಮಣ್ಣು ಹೆಪ್ಪುಗಟ್ಟಿದಂತೆ ಹೊರಬೀಳುತ್ತದೆ. ಹಳೆಯ ಕುಂಚದಿಂದ ಗುಡಿಸುತ್ತಾರೆ, ಊದುತ್ತಾರೆ, ಮತ್ತೆ ಕೆದಕುತ್ತಾರೆ. ಒಳಗೆ ಚಿನ್ನದ ಬಣ್ಣದ ಸಣ್ಣ ಹಲ್ಲುಗಳ ಸಾಲು ಮಿನುಗುತ್ತದೆ.

ಹತ್ತು ಗಂಟೆಗೆ ಅಂಗಡಿಯ ಶಟರ್ ಎತ್ತುವಾಗಲೇ ಅವರು ಮುಂದೆ ನಿಂತಿರುವುದನ್ನು ಕಂಡು ಅಕ್ಷೋಭ್ಯ ಕೈ ಮುಗಿಯುತ್ತಾನೆ. "ಮತ್ತ ಬಂದ್ರ್ಯಾ? ಭೂತಗನ್ನಡಿ ತಂದೀರೇನು?"

"ತಂದೀನಿ. ಇದೇನೈತಿ ಹೇಳು."

ಅವನು ಆ ಕಿಂಡಿ ನೋಡುತ್ತಾನೆ, ಮೊಬೈಲಿನಲ್ಲಿ ಲ್ಯಾಪ್‌ಟಾಪಿನ ಹಳೆಯ ಕೈಪಿಡಿ ಹುಡುಕುತ್ತಾನೆ. ಓದುತ್ತ ಓದುತ್ತ ಕುರ್ಚಿಯಲ್ಲಿ ನೆಟ್ಟಗಾಗುತ್ತಾನೆ. "ಅಕ್ಕಾರ, ಇದು ಮಿನಿ ಡಿಸ್‌ಪ್ಲೇ ಪೋರ್ಟು. ಇದರೊಳಗಿಂದ ಅಡ್ಡಕ್ಕ ಎರಡು ಸಾವಿರದ ಐನೂರಾ ಅರವತ್ತು ಹೋಗ್ತದ. ಫೋರ್‌ಕೆ ಆಗೂದಿಲ್ಲ. ಅದಕ್ಕಿಂತ ಕೆಳಗಿನ ಟೂಕೆ ಆರಾಮಾಗಿ ಆಗ್ತದ."

"ಹಂಗಾರ ನಿನ್ನಿ ಅರವತ್ತೆರಡು ಸಾವಿರ ಯಾಕಂದಿ?"

"ಈ ಪೋರ್ಟ್ ಕಾಣಿಸ್ಲಿಲ್ರಿ. ಖರೇನ. ಮಣ್ಣಾಗ ಮುಚ್ಚಿತ್ತು."

"ನನಗೂ ಆರು ವರ್ಷ ಕಂಡಿಲ್ಲ ಬಿಡು," ಎಂದು ಶೈಲಜಾ ಆ ಒಂದು ಮಾತಿನಲ್ಲಿ ಅವನನ್ನು ಕ್ಷಮಿಸುತ್ತಾರೆ. ಆದರೆ ಪರೀಕ್ಷೆಯಲ್ಲಿ ರಿಯಾಯಿತಿ ಇಲ್ಲ. ಇಪ್ಪತ್ನಾಲ್ಕು ಇಂಚಿನದು ಸಾವಿರದೆಂಟುನೂರು ಕಡಿಮೆಗೆ ಸಿಗುತ್ತದೆ, ಅದರಲ್ಲೂ ಅಷ್ಟೇ ಚುಕ್ಕೆ. ಆದರೆ ಅಷ್ಟು ಒತ್ತೊತ್ತಾದರೆ ನಲವತ್ತಾರರ ಕಣ್ಣಿಗೆ ಅಕ್ಷರಗಳು ಸಾಸಿವೆ ಚೆಲ್ಲಿದಂತಾಗುತ್ತವೆ. ಹದಿನೇಳು ಸಾವಿರದ ಎಂಟುನೂರರ ಇಪ್ಪತ್ತೇಳು ಇಂಚೇ ಸರಿ. ಹೊಸ ಕಿಂಡಿಗೆ ಹೊಸ ತಂತಿ ಹಚ್ಚಿ, ಚದುರಂಗದ ಮಣೆ ತೆರೆದು, ಭೂತಗನ್ನಡಿ ಇಟ್ಟರೆ ಕರಿ ಕರಿಯಾಗಿ, ಬಿಳಿ ಬಿಳಿಯಾಗಿ, ಒಂದಕ್ಕೊಂದು ತಾಗದಂತೆ ನಿಂತಿವೆ.

ಅಕ್ಷೋಭ್ಯ ಬಿಲ್ ಪುಸ್ತಕ ತೆಗೆಯುತ್ತಾನೆ. ಶೈಲಜಾ ತಡೆಯುತ್ತಾರೆ. ಪರದೆಯ ತುಂಬ ಬರೀ ಬಿಳಿ ತರಿಸುತ್ತಾರೆ, ಆಮೇಲೆ ಕೆಂಪು, ಆಮೇಲೆ ಹಸಿರು. ಬಿಳಿಯಲ್ಲಿ, ಮಧ್ಯಕ್ಕೆ ಸ್ವಲ್ಪ ಮೇಲೆ, ಒಂದು ಕರಿ ಚುಕ್ಕೆ. ಬಟ್ಟೆಯಿಂದ ಒರೆಸುತ್ತಾರೆ. ಹೋಗುವುದಿಲ್ಲ. ಬಣ್ಣ ಬದಲಾಯಿಸಿದರೂ ಅಲ್ಲೇ ಇರುತ್ತದೆ.

"ಒಂದು ಪಿಕ್ಸೆಲ್ ಸತ್ತದ ಅಷ್ಟರೀ. ಕಂಪನಿಯವ್ರು ಒಂದೆರಡಕ್ಕ ವಾಪಸ್ ತೊಗೊಳ್ಳೂದಿಲ್ಲ. ಯಾರಿಗೆ ಕಾಣ್ತದ ಅದು?"

"ಲೇ ತಮ್ಮ, ನಾನು ಮಾರಿ ಮಾಡೋಳು. ಈ ಮಾನಿಟರಿಗೇ ಮಚ್ಚಿ ಐತಿ. ಇದನ್ನ ಒಯ್ದ್ರ ನಾಳಿಂದ ಹೊಸಪೇಟಿ ತಾಲೂಕಿನಾಗ ಸತ್ತೋರಿಗೆಲ್ಲ ಹಣಿ ಮ್ಯಾಲೊಂದು ಮಚ್ಚಿ ಬರ್ತೈತಿ."

ಅಕ್ಷೋಭ್ಯ ಜೋರಾಗಿ ನಕ್ಕು, ಒಳಗೆ ಹೋಗಿ ಇನ್ನೊಂದು ಪೆಟ್ಟಿಗೆ ತರುತ್ತಾನೆ. ಅದು ಮೂರೂ ಬಣ್ಣ ದಾಟುತ್ತದೆ. ಏಳು ದಿನದೊಳಗೆ ಏನಾದರೂ ಕಂಡರೆ ಬದಲಿಸಿ ಕೊಡಬೇಕೆಂದು ಶೈಲಜಾ ಬಿಲ್ಲಿನ ಹಿಂದೆ ಬರೆಸಿಕೊಳ್ಳುತ್ತಾರೆ. ಬರೆದದ್ದನ್ನು ಎರಡು ಸಲ ಓದುತ್ತಾರೆ.

ಈಗ ಬೆಳಗಿನ ಕೋಣೆಯಲ್ಲಿ ಇಬ್ಬರು ಗಾದಿಲಿಂಗಪ್ಪಂದಿರು ಅಕ್ಕಪಕ್ಕ. ಎಡಕ್ಕೆ ಗಿರಣಿಯವರು, ಮುಖದ ಮೇಲೆ ಒಂಬತ್ತು ಕರಿ ಚುಕ್ಕೆ. ಪುಣ್ಯಕ್ಕೆ ಮೊದಲ ಸ್ಕ್ಯಾನನ್ನು ಶೈಲಜಾ ಅಳಿಸಿರಲಿಲ್ಲ. ಬಲಕ್ಕೆ ಪಾಸ್‌ಬುಕ್ಕಿನವರು, ಬಾಯಿಯ ಮೇಲೆ ನೇರಳೆ ಮುದ್ರೆ. ಎರಡು ಮುಖವೂ ಅಂಗೈಯಷ್ಟು, ಪೂರ್ತಿ, ಕೂದಲು ಸಹಿತ. ಒಂದೊಂದೇ ಚುಕ್ಕೆಯನ್ನು ಎಡದಿಂದ ಬಲಕ್ಕೆ ಹುಡುಕುತ್ತಾ ಹೋಗುತ್ತಾರೆ. ಹಣೆಯ ಮೇಲಿನ ಎರಡು ಬಲಗಡೆ ಇಲ್ಲ, ನೊಣ. ಮೂಗಿನ ಮೇಲಿನದು ಇಲ್ಲ, ನೊಣ. ಕೆನ್ನೆಯ ನಾಲ್ಕೂ ನೊಣ. ಕಿವಿಯ ಹತ್ತಿರದ್ದೂ ಅದೇ. ಉಳಿದದ್ದು ಕೆಳತುಟಿಯ ಬಲ ಮೂಲೆಯದು. ಬಲಗಡೆಯ ಫೋಟೊದಲ್ಲಿ ಅಲ್ಲಿ ಬರೀ ನೇರಳೆ. ಮುದ್ರೆಯ ಬಣ್ಣವನ್ನಷ್ಟೇ ಮೆಲ್ಲಗೆ ತೆಳುವಾಗಿಸುತ್ತಾ ಬರುತ್ತಾರೆ. ನೇರಳೆ ಮಾಸುತ್ತದೆ. ಅದರ ಅಡಿಯಲ್ಲಿ, ಮಾಸದೆ, ಒಂದು ಕರಿ ಚುಕ್ಕೆ ಕೂತಿದೆ.

ಇನ್ನೊಂದೂ ಕಾಣುತ್ತದೆ. ಎಡ ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಗೆರೆ, ಎರಡೂ ಫೋಟೊದಲ್ಲಿ. ಮೊದಲ ಸಲ ಅದನ್ನು ಕಾಗದದ ಬಿರುಕೆಂದು ಭಾವಿಸಿ ಅವರು ಹುಬ್ಬು ಚಂದವಾಗಿ ಕೂಡಿಸಿಬಿಟ್ಟಿದ್ದರು.

ಕಾರ್ಯಕ್ಕೆ ನಾಲ್ಕು ದಿನ ಇರುವಾಗ ಸಂಗಮ್ಮ ಬರುತ್ತಾರೆ. ಕಟ್ಟೆಯ ಮೇಲೆ ಕೂರುವುದಿಲ್ಲ, ಚಹಾ ಬೇಡವೆನ್ನುತ್ತಾರೆ. ನೋಡಿದ ಮೇಲೆ ಬೇಡವೆಂದರೆ ಚಹಾದ ಋಣ ಬೇಡ ಎಂಬಂತಿದೆ ಅವರ ನಿಲುವು. ಶೈಲಜಾ ಅವರನ್ನು ಒಳಗೆ ಕರೆದು ಮಾನಿಟರಿನ ಮುಂದೆ ನಿಲ್ಲಿಸುತ್ತಾರೆ. ಏನು ಬದಲಿಸಿದೆ, ಎಲ್ಲಿ ಬದಲಿಸಿದೆ ಎಂದು ಹೇಳುವುದಿಲ್ಲ. ಬೆರಳು ತೋರಿಸಿದರೆ ಮನುಷ್ಯರು ಇಲ್ಲದ್ದನ್ನೂ ಹೌದು ಎಂದುಬಿಡುತ್ತಾರೆ. ಅದೂ ಅವರಿಗೆ ಗೊತ್ತು.

ಸಂಗಮ್ಮ ಹುಬ್ಬು ಬಿಗಿದು ನೋಡುತ್ತಾರೆ. ಒಂದು ಹೆಜ್ಜೆ ಹತ್ತಿರ ಬರುತ್ತಾರೆ. ಸೆರಗಿನ ತುದಿ ಎತ್ತಿದ ಕೈ ಅರ್ಧಕ್ಕೇ ನಿಲ್ಲುತ್ತದೆ.

"ಸಾಸಿವಿ ಕಾಳು," ಎನ್ನುತ್ತಾರೆ.

ಬಾಗಿಲಲ್ಲಿ ನಿಂತ ಮರಿಸ್ವಾಮಿಗೆ ಅರ್ಥವಾಗುವುದಿಲ್ಲ. "ಏನಂದ್ರಿ?"

"ಲಗ್ನ ಆಗಿ ಬಂದ ಹೊಸತರಾಗ್ರಿ. ಉಂಡು ಎದ್ದಿದ್ರು. ಒಗ್ಗರಣಿ ಸಾಸಿವಿ ತುಟಿಗೆ ಅಂಟೈತಿ ಅಂತ ಸೆರಗ್ಲೆ ಒರೆಸಾಕ ಹೋದೆ. ಅವ್ರು ನಕ್ಕಾರ ನಕ್ಕಾರ, ಅದು ನಮ್ಮವ್ವ ಕೊಟ್ಟಿದ್ದು, ನೀ ಒರೆಸಿದ್ರ ಹೋಗಂಗಿಲ್ಲ ಅಂದ್ರು." ಎತ್ತಿದ ಸೆರಗು ಇಳಿಸಿ, "ಮುಂದ ದಿನಾ ಕಣ್ಮುಂದ ಇತ್ತಲ್ರಿ, ಅದಕ ನೆನಪೇ ಇರಲಿಲ್ಲ. ಅವತ್ತು ಏನು ಇಲ್ಲ ಅಂತ ಹೇಳಾಕ ಆಗಲಿಲ್ಲ."

ಹುಬ್ಬಿನ ಗೆರೆಯ ಬಗ್ಗೆ ಶೈಲಜಾ ತಾವಾಗಿ ಕೇಳುತ್ತಾರೆ. ಗಿರಣಿಯ ಬೆಲ್ಟ್ ಹರಿದು ಬಡಿದ ಗಾಯ ಅದು. "ಅದೂ ಅವರ್ದೇ," ಎಂದು ಸಂಗಮ್ಮ ಮೊದಲ ಬಾರಿಗೆ ಕುರ್ಚಿಯ ಮೇಲೆ ಕೂರುತ್ತಾರೆ. "ಈಗ ಚಾ ತರಸ್ರಿ."

ಸಂಗಮ್ಮ ಹೋದ ಮೇಲೆ ಶೈಲಜಾ ನೋಡಿಕೊಂಡದ್ದು ತಮ್ಮ ಕೈಯನ್ನು. ಪೆಟ್ಟಿಗೆಯ ಬರಹ, ಹುಡುಗನ ಮಾತು, ತಂತಿ, ಪರದೆ ಎಲ್ಲವನ್ನೂ ಅನುಮಾನಿಸಿದವರು ತಮ್ಮ ಕೈಯನ್ನು ಮಾತ್ರ ಇಷ್ಟು ವರ್ಷ ಅನುಮಾನಿಸಿರಲಿಲ್ಲ. ಚೊಕ್ಕ ಮಾಡುವ ಕೈ ಅದು. ಈಗ ಪ್ರತಿದಿನ ಬೆಳಿಗ್ಗೆ ಅರ್ಧ ಗಂಟೆ ಹಳೆಯ ಸ್ಕ್ಯಾನುಗಳನ್ನು ತೆರೆದು ನೋಡುತ್ತಾರೆ. ಆರು ವರ್ಷದವು ಇವೆ. ಅದಕ್ಕೂ ಹಿಂ­ದಿನವು ಸುಟ್ಟುಹೋದ ಇನ್ನೊಂದು ಕಂಪ್ಯೂಟರಿನ ಜೊತೆಗೇ ಹೋದವು. ಇದುವರೆಗೆ ಹನ್ನೊಂದು ಮುಖಗಳ ಮೇಲೆ ಗುಮಾನಿ ಬಂದಿದೆ. ಚೋರನೂರಿನ ಒಂದು ಮನೆಗೆ ಫೋನ್ ಮಾಡಿ ಕೇಳಿದಾಗ, "ಹೌದ್ರಿ, ನಮ್ಮವ್ವಗ ಗದ್ದದ ಮ್ಯಾಲ ಮಚ್ಚಿ ಇತ್ತು. ಫೋಟೊದಾಗ ಚಂದ ಕಾಣ್ಲಿ ಅಂತ ನೀವು ತೆಗದೀರಿ ಅಂದ್ಕೊಂಡು ಸುಮ್ನಿದ್ವಿ," ಎಂದರಂತೆ. ಅದನ್ನು ಬಿಟ್ಟಿಯಾಗಿ ಮಾಡಿಕೊಟ್ಟರು.

ಹೊಸ ಗಿರಾಕಿಗಳಿಗೆ ಈಗ ಮೊದಲ ಪ್ರಶ್ನೆಯೇ ಮಚ್ಚೆ, ಗಾಯ, ಸುಟ್ಟ ಕಲೆ ಏನಿತ್ತು ಎಂಬುದು. ಜನ ಗಾಬರಿಯಾಗುತ್ತಾರೆ. ಗಾದಿಗನೂರಿನಿಂದ ಬಂದವರೊಬ್ಬರು, "ಏನ್ರಿ ಅಕ್ಕ, ಸ್ಟೇಷನ್ನಿನಾಗ ಕೇಳಿದಂಗ ಕೇಳ್ತೀರಿ. ನಮ್ಮಪ್ಪ ಕಳ್ಳ ಅಲ್ರಿ," ಎಂದರು. "ಕಳ್ಳಿ ನಾನಾಗಬಾರದು ಅಂತ ಕೇಳ್ತೀನ್ರಿ," ಎಂದು ಇವರ ಉತ್ತರ.

ನಿಮಗೇನು ಆಸೆ ಎಂದು ಕೇಳಿದರೆ ಶೈಲಜಾ ಹಣೆ ಮುಟ್ಟಿಕೊಳ್ಳುತ್ತಾರೆ. ಬಲಗಡೆ, ಕೂದಲಂಚಿನಲ್ಲಿ ಅರ್ಧ ಇಂಚಿನ ಗಾಯದ ಗುರುತು. "ಸಣ್ಣಾಕಿದ್ದಾಗ ಕಾಲುವಿ ಮೆಟ್ಲ ಮ್ಯಾಲ ಬಿದ್ದಿದ್ದು. ನನ್ನ ಫೋಟೊ ಯಾರಾರ ಮಾಡೋ ದಿನ ಬಂದ್ರ ಇದನ್ನ ಹಂಗ ಬಿಡ್ರಿ ಅಂತ ಮರಿಸ್ವಾಮಿಗೆ ಹೇಳೀನಿ. ಅವನ ಮ್ಯಾಲೂ ನಂಬಿಕಿ ಇಲ್ಲ. ಬರದೂ ಕೊಟ್ಟೀನಿ."

ಹದಿನೆಂಟು ಸಾವಿರದ ನಾನೂರು ರೂಪಾಯಿ ಹೋಯಿತು. ಅಡುಗೆಮನೆಯ ತಗಡು ಇನ್ನೊಂದು ಮಳೆಗಾಲ ಸೋರುತ್ತದೆ. ಗಾದಿಲಿಂಗಪ್ಪನ ಮಚ್ಚೆ ಅವರ ತುಟಿಗೆ ವಾಪಸ್ ಬಂತು, ಚೋರನೂರಿನ ತಾಯಿಯದು ಗದ್ದಕ್ಕೆ ಬಂತು. ಆರು ವರ್ಷಕ್ಕೂ ಹಿಂದೆ ಅಳಿಸಿದವು ಎಷ್ಟೋ ಗೊತ್ತಿಲ್ಲ. ಅವು ಬರುವುದಿಲ್ಲ.